ಬಿಸಿಗೊಂದು ದಾರಿ: ಬಾಹ್ಯಾಕಾಶದಿಂದ ಮರಳುವ ಕೋಶ ಮತ್ತು ಅದರ ಶಾಖಕವಚ

2025ರ ಜುಲೈ 15ರ ಮಧ್ಯಾಹ್ನ ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಟೀವಿಯ ಮುಂದೆ ಏಳೆಂಟು ಜನ ಕುಳಿತಿದ್ದೆವು. ಹೊರಗೆ ಆಷಾಢದ ಮಳೆ. ಶುಭಾಂಶು ಶುಕ್ಲಾ ಮತ್ತು ಅವರ ಮೂವರು ಸಂಗಾತಿಗಳನ್ನು ಹೊತ್ತ ಡ್ರ್ಯಾಗನ್ ಕೋಶ ನಮ್ಮ ಗಡಿಯಾರದಲ್ಲಿ ಮೂರು ಗಂಟೆ ಹೊಡೆಯುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸಮೀಪ ಸಮುದ್ರಕ್ಕೆ ಇಳಿಯಿತು. ಅದಕ್ಕೆ ಮುಂಚಿನ ಕೆಲವು ನಿಮಿಷ ಕೋಶದೊಂದಿಗೆ ಸಂಪರ್ಕವಿರಲಿಲ್ಲ. ಆ ಹೊತ್ತಿನಲ್ಲಿ ಟೀವಿಯ ನಿರೂಪಕರು 'ಗಾಳಿಯ ಘರ್ಷಣೆಯಿಂದ ಕೋಶ ಕಾದು ಕೆಂಡವಾಗಿದೆ' ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ನಮ್ಮೊಡನೆ ಕುಳಿತಿದ್ದ ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು: "ಘರ್ಷಣೆಯಿಂದ ಬಿಸಿಯಾಗುವುದು ಹೌದಾದರೆ ಅದನ್ನು ಬಾಣದ ಹಾಗೆ ಚೂಪಾಗಿ ಮಾಡಬಹುದಿತ್ತಲ್ಲ? ಅಗಲವಾದ ಬುಡ ಮುಂದೆ ಮಾಡಿಕೊಂಡು ಯಾಕೆ ಬರ್ತದೆ?"

ಬಹಳ ವರ್ಷ ಭೌತವಿಜ್ಞಾನದ ಪಾಠ ಮಾಡಿದವನಿಗೆ ಇಂಥ ಪ್ರಶ್ನೆ ಕೇಳಿದರೆ ಆಗುವ ಸಂತೋಷ ಬೇರೆಯೇ. ಆ ಹುಡುಗಿಯ ಸಂದೇಹ ಸರಿಯಾಗಿತ್ತು, ನಿರೂಪಕರ ವಿವರಣೆ ತಪ್ಪಾಗಿತ್ತು. ಘರ್ಷಣೆಯೇ ಮುಖ್ಯ ಕಾರಣವಾಗಿದ್ದಿದ್ದರೆ ಬುಡ ಮುಂದಾಗಿ ಬರುವ ಕೋಶಕ್ಕೆ ಅರ್ಥವೇ ಇರುತ್ತಿರಲಿಲ್ಲ. ಭಾರತ ತನ್ನದೇ ಗಗನಯಾನಿಗಳನ್ನು ತನ್ನದೇ ಕೋಶದಲ್ಲಿ ಕಳಿಸಿ ಕರೆತರಲು ಸಜ್ಜಾಗುತ್ತಿರುವ ಕಾಲ ಇದು. ಅತ್ತ ಅಮೆರಿಕದ ಓರಾಯನ್ ಕೋಶದ ಶಾಖಕವಚದಲ್ಲಿ ಕಂಡ ಬಿರುಕುಗಳು ಎರಡು ವರ್ಷ ಕಾಲ ಪರಿಣತರನ್ನು ಕಾಡಿದವು. ಈ ಎರಡನ್ನೂ ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಬಿಸಿ ಎಲ್ಲಿ ಹುಟ್ಟುತ್ತದೆ, ಹುಟ್ಟಿದ್ದು ಎಲ್ಲಿಗೆ ಹೋಗುತ್ತದೆ ಎನ್ನುವ ಲೆಕ್ಕ ಗೊತ್ತಿರಬೇಕು.

ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಕೋಶದ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 7.7 ಕಿಲೋಮೀಟರ್. ಭಟ್ಕಳದಿಂದ ಕಾರವಾರಕ್ಕೆ ಹೆದ್ದಾರಿಯಲ್ಲಿ ಹೋಗಲು ನಮಗೆ ಎರಡು ಗಂಟೆಗೂ ಹೆಚ್ಚು ಬೇಕು. ಆ ವೇಗದಲ್ಲಿ ಅದು 16-17 ಸೆಕೆಂಡಿನ ದಾರಿ. ವೇಗವೆಂದರೆ ಶಕ್ತಿ. ಈ ವೇಗದಲ್ಲಿರುವ ಪ್ರತಿ ಒಂದು ಕಿಲೋ ವಸ್ತುವಿನಲ್ಲಿ ಸುಮಾರು 30 ಮೆಗಾಜೂಲ್ ಚಲನ ಶಕ್ತಿ ಇರುತ್ತದೆ. ಬಚ್ಚಲ ಹಂಡೆಯಲ್ಲಿನ ಒಂದು ಲೀಟರ್ ತಣ್ಣೀರನ್ನು ಕುದಿಸಿ ಪೂರ್ತಿ ಆವಿಯಾಗಿಸಲು ಸುಮಾರು 2.6 ಮೆಗಾಜೂಲ್ ಸಾಕು. ಅಂದರೆ ಕೋಶದ ಒಂದೊಂದು ಕಿಲೋ ತೂಕವೂ ಹನ್ನೊಂದು ಲೀಟರ್ ನೀರನ್ನು ಆವಿ ಮಾಡುವಷ್ಟು ಶಕ್ತಿಯನ್ನು ಹೊತ್ತುಕೊಂಡು ಬರುತ್ತದೆ. ಈ ಶಕ್ತಿ ಪೂರ್ತಿಯಾಗಿ ಕೋಶದೊಳಗೇ ಉಳಿದುಬಿಟ್ಟರೆ ಕೋಶ ಕರಗುವುದಷ್ಟೇ ಅಲ್ಲ, ಆವಿಯೇ ಆಗಿಹೋಗುತ್ತದೆ. ಮೇಲಕ್ಕೆ ಒಯ್ಯುವಾಗ ನೂರಾರು ಟನ್ ಇಂಧನ ಸುಟ್ಟು ಕೊಟ್ಟ ವೇಗವನ್ನು ಕೆಳಕ್ಕೆ ಬರುವಾಗ ಕಳೆಯಲು ಅಷ್ಟೇ ಇಂಧನ ಒಯ್ಯುವುದು ಸಾಧ್ಯವಿಲ್ಲ. ಆದ್ದರಿಂದ ಬ್ರೇಕ್ ಹಾಕುವ ಕೆಲಸ ಗಾಳಿಯದು. ಪ್ಯಾರಾಶೂಟ್‌ಗಳೇ ವೇಗ ತಗ್ಗಿಸುತ್ತವೆ ಎಂದು ನಾವು ತಿಳಿಯುತ್ತೇವೆ, ಏಕೆಂದರೆ ಕಣ್ಣಿಗೆ ಕಾಣುವುದು ಅವು. ಆದರೆ ಮೊದಲ ಪ್ಯಾರಾಶೂಟ್ ಬಿಚ್ಚುವಷ್ಟರಲ್ಲಿ ಕೋಶದ ಚಲನ ಶಕ್ತಿಯ ನೂರಕ್ಕೆ 99.9ಕ್ಕೂ ಹೆಚ್ಚು ಪಾಲು ಆಗಲೇ ಕಳೆದುಹೋಗಿರುತ್ತದೆ. ಮರುಪ್ರವೇಶದ ವಿಜ್ಞಾನವೆಂದರೆ ಆ 99.9ರ ಲೆಕ್ಕವೇ.

ಸೈಕಲ್‌ಗೆ ಗಾಳಿ ಹೊಡೆದವರೆಲ್ಲ ಈ ಬಿಸಿಯ ಮೂಲವನ್ನು ಕೈಯಾರೆ ಮುಟ್ಟಿದ್ದಾರೆ. ಪಂಪನ್ನು ಇಪ್ಪತ್ತು ಮೂವತ್ತು ಸಲ ರಭಸದಿಂದ ಒತ್ತಿದ ಮೇಲೆ ಅದರ ಬುಡವನ್ನು, ಅಂದರೆ ಗಾಳಿ ಹೊರಹೋಗುವ ತುದಿಯನ್ನು ಮುಟ್ಟಿ ನೋಡಬೇಕು; ಬೆರಳು ಹಿಂದೆಗೆಯುವಷ್ಟು ಕಾದಿರುತ್ತದೆ. ಪಿಸ್ಟನ್ ಉದ್ದಕ್ಕೂ ಉಜ್ಜುವುದು ಪಂಪಿನ ಇಡೀ ಕೊಳವೆಯನ್ನು, ಆದರೆ ಹೆಚ್ಚು ಕಾಯುವುದು ಗಾಳಿ ಇಕ್ಕಟ್ಟಿಗೆ ಸಿಕ್ಕುವ ಬುಡ. ಗಾಳಿಯನ್ನು ತಟ್ಟನೆ ಒತ್ತಿದಾಗ ನಾವು ಮಾಡಿದ ಕೆಲಸ ಅದರ ಶಾಖವಾಗುತ್ತದೆ. ಕೋಶದ ಮುಂದೆ ನಡೆಯುವುದೂ ಇದೇ, ಆದರೆ ಬೆರಗಾಗುವಷ್ಟು ದೊಡ್ಡ ಪ್ರಮಾಣದಲ್ಲಿ. ಕೋಶ ಶಬ್ದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗದಲ್ಲಿ ನುಗ್ಗುವಾಗ ಅದು ಬರುತ್ತಿದೆ ಎಂಬ ಸುದ್ದಿಯೇ ಮುಂದಿನ ಗಾಳಿಗೆ ತಲುಪಿರುವುದಿಲ್ಲ. ಸರಿದು ದಾರಿ ಕೊಡಲು ಅವಕಾಶವಿಲ್ಲದ ಗಾಳಿ ಕೋಶದ ಮುಂದೆ ಒಂದು ತೆಳುವಾದ ಗೋಡೆಯಂತೆ ಒತ್ತಿಕೊಳ್ಳುತ್ತದೆ. ಈ ಗೋಡೆಗೆ ಆಘಾತ ತರಂಗ ಅಥವಾ ಶಾಕ್ ವೇವ್ ಎನ್ನುತ್ತಾರೆ. ಅದನ್ನು ದಾಟಿದ ಗಾಳಿ ಕ್ಷಣಾರ್ಧದಲ್ಲಿ ಸಾವಿರಾರು ಡಿಗ್ರಿಗೆ ಏರುತ್ತದೆ. ಮೇಲ್ಮೈಯನ್ನು ಉಜ್ಜಿಕೊಂಡು ಹೋಗುವ ಗಾಳಿಯ ಘರ್ಷಣೆ ಇಲ್ಲವೇ ಇಲ್ಲ ಎಂದಲ್ಲ, ಅದಕ್ಕೂ ಒಂದು ಪಾಲು ಉಂಟು. ಆದರೆ ದೊಡ್ಡ ಪಾಲು ಈ ಸಂಪೀಡನದ್ದು.

ಇನ್ನು ಆಕಾರದ ಪ್ರಶ್ನೆ. ಕಾರವಾರದ ಹತ್ತಿರ ಕಾಳಿ ನದಿಯ ಸೇತುವೆಯ ಮೇಲೆ ಮಳೆಗಾಲದಲ್ಲಿ ನಿಂತು ಕೆಳಗೆ ನೋಡಿದವರಿಗೆ ಒಂದು ದೃಶ್ಯ ಪರಿಚಿತ. ನೀರಿನ ಸೆಳೆತ ಜೋರಾಗಿದ್ದಾಗ ಅಗಲವಾದ ಕಂಬದ ಎದುರು ನೀರು ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಕಂಬಕ್ಕೆ ಅಂಟಿಕೊಂಡಿರದೆ ಸ್ವಲ್ಪ ಮುಂದೆಯೇ ಎದ್ದು, ಎರಡೂ ಬದಿಗೆ ಕಮಾನಿನಂತೆ ಹರಡಿಕೊಂಡು ಹೋಗುತ್ತದೆ. ಅದೇ ಹೊಳೆಯಲ್ಲಿ ಚೂಪು ಮೂತಿಯ ದೋಣಿ ನಿಂತಿದ್ದರೆ ನೀರು ಅದರ ಮೈಗೆ ಒತ್ತಿಕೊಂಡೇ ಸೀಳಿ ಸಾಗುತ್ತದೆ. ನೀರಿನ ಅಲೆ ಬೇರೆ, ಆಘಾತ ತರಂಗ ಬೇರೆ, ಆದರೂ ಚಿತ್ರ ಒಂದೇ. ಚೂಪಾದ ತುದಿಯಲ್ಲಿ ಆಘಾತ ತರಂಗ ಮೈಗೆ ಅಂಟಿ ನಿಲ್ಲುತ್ತದೆ, ಬಿಸಿಗಾಳಿ ನೇರವಾಗಿ ತುದಿಯನ್ನು ಸುಡುತ್ತದೆ. ಮೊಂಡಾದ ಬುಡ ಮುಂದಾಗಿದ್ದರೆ ತರಂಗ ಮೈಯಿಂದ ದೂರ ಸರಿದು ನಿಲ್ಲುತ್ತದೆ, ಬಹುಪಾಲು ಬಿಸಿ ಗಾಳಿಯಲ್ಲೇ ಹುಟ್ಟಿ, ಗಾಳಿಯೊಂದಿಗೇ ಬದಿಗೆ ಹರಿದು ಹಿಂದೆ ಉಳಿದುಬಿಡುತ್ತದೆ.

ಇದನ್ನು ಮೊದಲು ಕಂಡುಕೊಂಡವರು ಅಮೆರಿಕದ ಏಮ್ಸ್ ಪ್ರಯೋಗಾಲಯದ ಜೂಲಿಯನ್ ಆ್ಯಲನ್ ಮತ್ತು ಆಲ್‌ಫ್ರೆಡ್ ಎಗರ್ಸ್. 1950ರ ದಶಕದ ಆರಂಭದಲ್ಲಿ ಕ್ಷಿಪಣಿಗಳ ಸಿಡಿತಲೆಗಳನ್ನು ಸುಟ್ಟುಹೋಗದಂತೆ ಇಳಿಸುವುದು ಹೇಗೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ, ಸೂಜಿಯಂತೆ ಚೂಪಾದ ರೂಪವೇ ಸರಿ ಎಂದು ಬಹುತೇಕರು ನಂಬಿದ್ದಾಗ, ಮೊಂಡಾದದ್ದೇ ಬದುಕುತ್ತದೆ ಎಂದು ಅವರ ಲೆಕ್ಕ ಹೇಳಿತು. ಸೈನಿಕ ಮಹತ್ವದ ಕಾರಣ ಆ ವರದಿ ಕೆಲವು ವರ್ಷ ಗುಟ್ಟಾಗಿಯೇ ಉಳಿದು 1958ರಲ್ಲಿ ಎಲ್ಲರಿಗೂ ಸಿಕ್ಕಿತು. ಮರ್ಕ್ಯುರಿಯಿಂದ ಅಪೋಲೊವರೆಗೆ, ಡ್ರ್ಯಾಗನ್‌ನಿಂದ ನಮ್ಮ ಗಗನಯಾನದವರೆಗೆ ಎಲ್ಲ ಕೋಶಗಳ ಬುಡವೂ ಆ ಲೆಕ್ಕದ ಸಂತಾನವೇ. ನಮ್ಮ ಕಡೆ ತೊಡೆದೇವು ಹೊಯ್ಯಲು ಒಲೆಯ ಮೇಲೆ ಕವುಚಿ ಇಡುವ ಮಡಕೆಯ ದುಂಡು ಬೆನ್ನಿದೆಯಲ್ಲ, ಸರಿಸುಮಾರು ಅಂಥದೇ ತಗ್ಗು ಕಮಾನು. ಮುಂಭಾಗದ ಈ ಬಾಗಿನ ತ್ರಿಜ್ಯವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ನಡುಬಿಂದುವಿಗೆ ಗಾಳಿಯಿಂದ ದಾಟುವ ಶಾಖದ ದರ ಅರ್ಧಕ್ಕೆ ಇಳಿಯುತ್ತದೆ. ಟೀವಿಯ ಮುಂದೆ ಕೇಳಿದ ಹುಡುಗಿಗೆ ನಾನು ಅಂದು ಕೊಟ್ಟ ಉತ್ತರವೂ ಇಷ್ಟೇ: ಅದು ಗಾಳಿಯನ್ನು ಸೀಳಲು ಬರುತ್ತಿಲ್ಲ, ಗಾಳಿಗೆ ತನ್ನ ಬಿಸಿಯನ್ನು ಒಪ್ಪಿಸಲು ಬರುತ್ತಿದೆ.

ಆಘಾತ ತರಂಗದ ಹಿಂದಿನ ಗಾಳಿಯಲ್ಲಿ ಇನ್ನೊಂದು ಉಪಕಾರವೂ ನಡೆಯುತ್ತದೆ. ಗಾಳಿ ಎಷ್ಟು ಬಿಸಿಯಾದರೂ ಗಾಳಿಯಾಗಿಯೇ ಇರುತ್ತದೆ ಎಂದು ಭಾವಿಸಿ ಲೆಕ್ಕ ಹಾಕಿದರೆ ಉಷ್ಣತೆ ಸುಮಾರು ಮೂವತ್ತು ಸಾವಿರ ಡಿಗ್ರಿಗೆ ಹೋಗುತ್ತದೆ. ನಿಜದಲ್ಲಿ ಅಷ್ಟಕ್ಕೆ ಏರುವುದಿಲ್ಲ. ಎರಡೂವರೆ ಸಾವಿರ ಕೆಲ್ವಿನ್ ದಾಟುತ್ತಿದ್ದಂತೆ ಆಮ್ಲಜನಕದ ಅಣುಗಳು ಒಡೆಯತೊಡಗುತ್ತವೆ, ನಾಲ್ಕು ಸಾವಿರ ದಾಟಿದ ಮೇಲೆ ಸಾರಜನಕದ ಅಣುಗಳು ಒಡೆಯುತ್ತವೆ, ಇನ್ನೂ ಮೇಲೆ ಪರಮಾಣುಗಳಿಂದ ಎಲೆಕ್ಟ್ರಾನುಗಳೇ ಕಳಚಿಕೊಳ್ಳುತ್ತವೆ. ಅಣುವಿನ ಬಂಧ ಮುರಿಯಲು ಶಕ್ತಿ ಬೇಕು. ಆ ಶಕ್ತಿ ಬಿಸಿಯಿಂದಲೇ ಖರ್ಚಾಗುತ್ತದೆ. ಹೀಗಾಗಿ ಭೂಕಕ್ಷೆಯಿಂದ ಮರಳುವ ಕೋಶದ ಮುಂದಿನ ಗಾಳಿ ಮೂವತ್ತು ಸಾವಿರದ ಬದಲು ಕೆಲವು ಸಾವಿರ ಡಿಗ್ರಿಗಳಲ್ಲೇ ತಡೆಯುತ್ತದೆ. ಆದರೆ ಒಡೆದ ಪರಮಾಣುಗಳು ಶಾಖಕವಚದ ಮೈಮೇಲೆ ಮತ್ತೆ ಕೂಡಿಕೊಂಡರೆ ಕದ್ದ ಶಕ್ತಿಯನ್ನು ಅಲ್ಲೇ ಬಿಟ್ಟುಕೊಡುತ್ತವೆ. ಆದ್ದರಿಂದ ಹಾಗೆ ಕೂಡಿಕೊಳ್ಳಲು ಪ್ರಚೋದನೆ ಕೊಡದ ಮೇಲ್ಲೇಪ ಯಾವುದು ಎಂಬುದೇ ಒಂದು ದೊಡ್ಡ ಸಂಶೋಧನೆ. ಸಂಪರ್ಕ ತಪ್ಪುವುದಕ್ಕೂ ಈ ಕಳಚಿದ ಎಲೆಕ್ಟ್ರಾನುಗಳೇ ಕಾರಣ. ಕೋಶವನ್ನು ಸುತ್ತಿದ ಪ್ಲಾಸ್ಮಾ ಪದರವನ್ನು ರೇಡಿಯೊ ತರಂಗ ದಾಟಲಾರದು.

ಇಷ್ಟೆಲ್ಲ ಆದ ಮೇಲೂ ಒಂದು ಸಣ್ಣ ಪಾಲು ಕೋಶಕ್ಕೆ ತಲುಪಿಯೇ ತಲುಪುತ್ತದೆ. ಒಟ್ಟು ಶಕ್ತಿಯಲ್ಲಿ ಅದು ನೂರಕ್ಕೆ ಕೆಲವೇ ಪಾಲು, ಆದರೆ ಭೂಕಕ್ಷೆಯಿಂದ ಮರಳುವ ಕೋಶದ ಮೇಲ್ಮೈಯನ್ನು ಸುಮಾರು 1,600 ಡಿಗ್ರಿ ಸೆಲ್ಸಿಯಸ್‌ಗೆ, ಚಂದ್ರನಿಂದ ಮರಳುವ ಕೋಶದ್ದನ್ನು 2,700 ಡಿಗ್ರಿಯ ಆಸುಪಾಸಿಗೆ ಏರಿಸಲು ಅಷ್ಟೇ ಸಾಕು. ಇದನ್ನು ನಿಭಾಯಿಸಲು ಎರಡು ಬಗೆ ಚಾಲ್ತಿಯಲ್ಲಿವೆ. ಒಂದು, ಬಂದ ಬಿಸಿಯನ್ನು ಬೆಳಕಾಗಿ, ವಿಕಿರಣವಾಗಿ ಆಕಾಶಕ್ಕೆ ತಿರುಗಿಸಿ ಬಿಡುವುದು. ಅಮೆರಿಕದ ಸ್ಪೇಸ್ ಶಟಲ್‌ನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಿಲಿಕಾ ಬಿಲ್ಲೆಗಳು ಮಾಡುತ್ತಿದ್ದುದು ಇದನ್ನೇ. ಬಿಲ್ಲೆಯ ಗಾತ್ರದಲ್ಲಿ ಬಹುಪಾಲು ಬರಿ ಗಾಳಿ. ಮೇಲ್ಮೈ ಕೆಂಪಗೆ ಹೊಳೆಯುತ್ತಿದ್ದರೂ ಕೆಳಗಿನ ಅಲ್ಯೂಮಿನಿಯಂ ಹಾನಿಯಾಗುವಷ್ಟು ಕಾಯುತ್ತಿರಲಿಲ್ಲ. ಕುಲುಮೆಯಲ್ಲಿ ಕಾದ ಕಬ್ಬಿಣದ ಮುಂದೆ ಕೈ ಹಿಡಿದರೆ ತಾಗುವ ಝಳವೇ ಈ ವಿಕಿರಣ, ಮತ್ತು ಕೆಲ್ವಿನ್‌ನಲ್ಲಿ ಅಳೆದ ಉಷ್ಣತೆ ಎರಡು ಪಟ್ಟಾದರೆ ಅದು ಹದಿನಾರು ಪಟ್ಟಾಗುತ್ತದೆ. ಈ ವ್ಯವಸ್ಥೆಯಲ್ಲಿ ಒಂದು ಕಡೆ ತೂತಾದರೂ ಕಥೆ ಮುಗಿಯುತ್ತದೆ. 2003ರ ಜನವರಿ 16ರಂದು ಕೊಲಂಬಿಯಾ ಎಂಬ ಶಟಲ್ ಏರುವಾಗ ಇಂಧನ ತೊಟ್ಟಿಯ ಒಂದು ಕಿಲೋಗಿಂತ ಕಡಿಮೆ ತೂಕದ ನೊರೆಯ ತುಂಡು ಕಳಚಿ ಎಡರೆಕ್ಕೆಯ ಮುಂದಿನ ಅಂಚಿನ ಇಂಗಾಲದ ಫಲಕವನ್ನು ಒಡೆಯಿತು. ಫೆಬ್ರವರಿ 1ರಂದು ಮರಳುವಾಗ ಆ ತೂತಿನಿಂದ ನುಗ್ಗಿದ ಬಿಸಿಗಾಳಿ ರೆಕ್ಕೆಯನ್ನು ಒಳಗಿನಿಂದ ತಿಂದುಹಾಕಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನರನ್ನು ಕಳೆದುಕೊಂಡ ಆ ಸಂಜೆ ನಮ್ಮೂರಿನ ಮನೆಮನೆಗಳಲ್ಲಿ ಇದ್ದ ಮೌನ ನನಗೆ ಇಂದಿಗೂ ನೆನಪಿದೆ.

ಎರಡನೆಯ ಬಗೆ, ಕವಚ ತಾನೇ ಸುಟ್ಟುಕೊಂಡು ಒಳಗಿನದನ್ನು ಕಾಯುವುದು. ಇದನ್ನು ಅಬ್ಲೇಶನ್ ಎನ್ನುತ್ತಾರೆ, ಸವೆದು ಕಾಯುವ ಕವಚ ಎನ್ನಬಹುದು. ಒಲೆಯಲ್ಲಿ ಅರ್ಧ ಉರಿದ ದಪ್ಪ ಕುಂಟೆಯನ್ನು ಹೊರಗೆಳೆದು ಸೀಳಿ ನೋಡಿದರೆ ಹೊರಗೆ ಎರಡು ಬೆರಳು ಇದ್ದಿಲು, ಅದರೊಳಗೆ ಕಂದು ಬಣ್ಣದ ತೆಳು ಪಟ್ಟಿ, ಅದರೊಳಗೆ ಹಸಿಮರ ಹಾಗೇ ಇರುತ್ತದೆ. ಕೋಶದ ಕವಚದ ಅಡ್ಡಸೀಳಿನಲ್ಲಿಯೂ ಇವೇ ಮೂರು ಪದರ. ರಾಳ ಮತ್ತು ನಾರು ಬೆರೆತ ವಸ್ತು ಬಿಸಿಗೆ ವಿಘಟನೆಯಾಗುವಾಗ ಬಹಳಷ್ಟು ಶಾಖವನ್ನು ಹೀರುತ್ತದೆ. ಅದರಿಂದ ಎದ್ದ ಅನಿಲಗಳು ಹೊರಗಿನ ಇದ್ದಿಲ ಪದರದ ರಂಧ್ರಗಳ ಮೂಲಕ ಹೊರಬರುತ್ತಾ ಬಿಸಿಗಾಳಿಯನ್ನು ಮೈಯಿಂದ ಆಚೆ ತಳ್ಳುತ್ತವೆ. ಇದ್ದಿಲು ಕೆಂಪಾಗಿ ಹೊಳೆದು ಶಾಖವನ್ನು ವಿಕಿರಣವಾಗಿ ಹೊರಹಾಕುತ್ತದೆ. ಕೊನೆಗೆ ಅದೂ ಚೂರುಚೂರೇ ಸವೆದು ಹೋಗುತ್ತದೆ. ಇಲ್ಲಿ ಓದುಗರು ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು: ಒಳಗೆ ಹುಟ್ಟಿದ ಅನಿಲ ಹೊರಗೆ ಬರಲು ಇದ್ದಿಲಿನಲ್ಲಿ ದಾರಿ ಇರಬೇಕು.

2022ರ ನವೆಂಬರ್ 16ರಂದು ಹೊರಟ ಆರ್ಟೆಮಿಸ್-1 ಯಾನದ ಓರಾಯನ್ ಕೋಶ, ಒಳಗೆ ಮನುಷ್ಯರಿಲ್ಲದೆ, ಚಂದ್ರನ ಸುತ್ತ ಹೋಗಿ ಡಿಸೆಂಬರ್ 11ರಂದು ಪೆಸಿಫಿಕ್ ಸಾಗರಕ್ಕೆ ಇಳಿಯಿತು. ಚಂದ್ರನ ಕಡೆಯಿಂದ ಬರುವ ಕೋಶದ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಕಿಲೋಗೆ 60 ಮೆಗಾಜೂಲ್ ಆಗುತ್ತದೆ, ಅಂದರೆ ಎರಡು ಪಟ್ಟು. ಶಾಖ ದಾಟುವ ದರ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಅದು ಮೂರು ಪಟ್ಟಿನ ಹತ್ತಿರಕ್ಕೆ ಬರುತ್ತದೆ. ಅಷ್ಟು ಬಿಸಿಯಾದ ಗಾಳಿ ತಾನೇ ಬೆಳಗಿ ಮೈಮೇಲೆ ಝಳ ಬೀರತೊಡಗುವುದು ಬೇರೆ. ಈ ಒಟ್ಟು ಹೊಡೆತವನ್ನು ಒಂದೇ ಸಲಕ್ಕೆ ತಿನ್ನುವ ಬದಲು ಓರಾಯನ್ ಎರಡು ಕಂತುಗಳಲ್ಲಿ ಇಳಿಯಿತು. ಕೆರೆಯ ನೀರಿಗೆ ಓರೆಯಾಗಿ ಎಸೆದ ಬಿಲ್ಲೆಕಲ್ಲು ಒಮ್ಮೆ ಕುಪ್ಪಳಿಸಿ ಮುಂದೆ ಬೀಳುವ ಹಾಗೆ ಅದು ವಾಯುಮಂಡಲವನ್ನು ಹೊಕ್ಕು, ಸ್ವಲ್ಪ ಮೇಲೆದ್ದು, ಮತ್ತೆ ಹೊಕ್ಕಿತು. ಇದರಿಂದ ಇಳಿಯುವ ಜಾಗವನ್ನು ನಿಖರವಾಗಿ ಆರಿಸಿಕೊಳ್ಳಬಹುದು, ಒಳಗಿರುವವರ ಮೇಲಿನ ಒತ್ತಡವೂ ಕಡಿಮೆ. ಕೋಶ ಸುರಕ್ಷಿತವಾಗಿ ಬಂತು, ಒಳಗಿನ ಉಷ್ಣತೆ 24 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಹಿತವಾಗಿಯೇ ಇತ್ತು. ಆದರೆ ಐದು ಮೀಟರ್ ಅಗಲದ ಆ ಕವಚವನ್ನು ಹತ್ತಿರದಿಂದ ನೋಡಿದವರು ಗಾಬರಿಯಾದರು. ಇದ್ದಿಲು ನಯವಾಗಿ ಸವೆಯುವ ಬದಲು ನೂರಕ್ಕೂ ಹೆಚ್ಚು ಕಡೆ ಬಿರುಕುಬಿಟ್ಟು ತುಂಡುತುಂಡಾಗಿ ಎದ್ದುಹೋಗಿತ್ತು.

ಕಾರಣ ಹುಡುಕಲು ನಾಸಾ ಎರಡು ವರ್ಷ ತೆಗೆದುಕೊಂಡಿತು. 2024ರ ಡಿಸೆಂಬರ್‌ನಲ್ಲಿ ಅದನ್ನು ಸಾರ್ವಜನಿಕವಾಗಿ ಹೇಳಿತು. ಈ ಕಾರಣ ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿತು. ಕವಚ ಒಡೆದದ್ದು ಬಿಸಿ ಅತಿಯಾಗಿದ್ದರಿಂದ ಅಲ್ಲ. ಎರಡು ಮುಳುಗುಗಳ ನಡುವೆ ಕೋಶ ಮೇಲೆದ್ದಿದ್ದಾಗ ಹೊರಗಿನ ಬಿಸಿ ತಗ್ಗಿತು, ಇದ್ದಿಲು ಕಟ್ಟುವ ಕೆಲಸ ನಿಧಾನವಾಯಿತು. ಆದರೆ ಆಗಲೇ ಒಳಗೆ ಇಳಿದಿದ್ದ ಶಾಖ ಆಳದಲ್ಲಿ ರಾಳವನ್ನು ಒಡೆಯುತ್ತಾ ಅನಿಲವನ್ನು ಹುಟ್ಟಿಸುತ್ತಲೇ ಇತ್ತು. ಅವ್‌ಕೋಟ್ ಎಂಬ ಆ ವಸ್ತುವಿನಲ್ಲಿ ಅನಿಲ ನುಸುಳಿ ಹೊರಬರುವಷ್ಟು ರಂಧ್ರಗಳಿರಲಿಲ್ಲ. ಒತ್ತಡ ಕೂಡಿತು, ಬಿರುಕುಬಿಟ್ಟಿತು, ಇದ್ದಿಲು ಹಾರಿಹೋಯಿತು. ರಂಧ್ರಗಳು ಸಾಕಷ್ಟಿದ್ದ ಕೆಲವೇ ಕೆಲವು ಜಾಗಗಳಲ್ಲಿ ಮಾತ್ರ ಬಿರುಕಾಗಲಿ ಇದ್ದಿಲ ನಷ್ಟವಾಗಲಿ ಇರಲಿಲ್ಲ. ಈ ಒಂದು ಸಂಗತಿಯೇ ಕಾರಣಕ್ಕೆ ಸಿಕ್ಕ ಅತ್ಯಂತ ಗಟ್ಟಿಯಾದ ಸಾಕ್ಷಿ ಎಂದು ನನಗೆ ಅನಿಸುತ್ತದೆ.

ಮಲೆನಾಡಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಮಳೆಗಾಲದ ಸಂಜೆ ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೇಳೆ ಸುಡುವಾಗ ಹಿರಿಯರು ಪ್ರತಿಯೊಂದು ಬೇಳೆಗೂ ಕತ್ತಿಯಿಂದ ಒಂದು ಗೀರು ಹಾಕಿ ಕೆಂಡಕ್ಕೆ ಹಾಕುತ್ತಾರೆ. ಗೀರಿದ ಬೇಳೆಯಿಂದ ಸಣ್ಣಗೆ ಉಗಿ ಸುಯ್ಯೆಂದು ಹೊರಬರುತ್ತದೆ, ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹದವಾಗಿ ಬೇಯುತ್ತದೆ. ಗೀರು ಹಾಕಲು ಮರೆತ ಒಂದು ಬೇಳೆ ಬಹಳ ಹೊತ್ತು ಏನೂ ಆಗದಂತೆ ಬೂದಿಯಲ್ಲಿ ಕುಳಿತಿದ್ದು, ಇದ್ದಕ್ಕಿದ್ದಂತೆ ಢಬ್ಬೆಂದು ಸಿಡಿದು ಕೆಂಡವನ್ನೆಲ್ಲ ಬಚ್ಚಲ ತುಂಬ ಎರಚುತ್ತದೆ. ಎರಡು ಬೇಳೆಗೂ ಸಿಕ್ಕ ಬೆಂಕಿ ಒಂದೇ. ಒಂದಕ್ಕೆ ದಾರಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಓರಾಯನ್‌ನಲ್ಲಿ ಆದದ್ದು ಇದಕ್ಕಿಂತ ಒಂದು ಹೆಜ್ಜೆ ಸೂಕ್ಷ್ಮ, ಏಕೆಂದರೆ ಅಲ್ಲಿ ಗೀರನ್ನು ಹಾಕಬೇಕಾಗಿದ್ದುದೇ ಬೆಂಕಿ. ಬಿಸಿ ಜೋರಾಗಿದ್ದರೆ ರಂಧ್ರವುಳ್ಳ ಇದ್ದಿಲು ಬೇಗ ಕಟ್ಟಿಕೊಂಡು ತಾನೇ ದಾರಿ ಮಾಡಿಕೊಡುತ್ತಿತ್ತು. ಮಂದ ಬಿಸಿ ಅನಿಲವನ್ನು ಕೊಟ್ಟಿತು, ದಾರಿಯನ್ನು ಕೊಡಲಿಲ್ಲ.

ಹಾಗಾದರೆ ನೆಲದ ಮೇಲಿನ ಪರೀಕ್ಷೆಗಳಲ್ಲಿ ಇದು ಯಾಕೆ ಕಾಣಲಿಲ್ಲ? ಉತ್ತರ ಇಡೀ ಪ್ರಕರಣದ ತಿರುಳು. ಆರ್ಟೆಮಿಸ್-1ಕ್ಕೆ ಮುಂಚಿನ ಪರೀಕ್ಷೆಗಳಲ್ಲಿ ಅವ್‌ಕೋಟ್ ತುಂಡುಗಳಿಗೆ ಕೊಟ್ಟ ಶಾಖದ ದರ ಹಾರಾಟದಲ್ಲಿ ನಿಜವಾಗಿ ಬಂದದ್ದಕ್ಕಿಂತ ಹೆಚ್ಚಾಗಿತ್ತು. ಹೆಚ್ಚಿನ ಬಿಸಿಯಲ್ಲಿ ಬದುಕಿದ್ದು ಕಡಿಮೆ ಬಿಸಿಯಲ್ಲಿ ಬದುಕದೇ ಇರುತ್ತದೆಯೇ ಎಂಬುದು ಯಾರಿಗಾದರೂ ಸಹಜವಾಗಿ ಬರುವ ಆಲೋಚನೆ. ಸೇತುವೆಗೆ, ಕಟ್ಟಡಕ್ಕೆ, ಹಗ್ಗಕ್ಕೆ ಈ ತರ್ಕ ನಡೆಯುತ್ತದೆ. ಹತ್ತು ಟನ್ ತಡೆದದ್ದು ಐದು ಟನ್ ತಡೆಯುತ್ತದೆ. ರಾಸಾಯನಿಕವಾಗಿ ತನ್ನನ್ನೇ ಬದಲಾಯಿಸಿಕೊಳ್ಳುತ್ತಾ ಕೆಲಸ ಮಾಡುವ ವಸ್ತುವಿಗೆ ಅದು ನಡೆಯುವುದಿಲ್ಲ. ಅಲ್ಲಿ ಬಿಸಿಯ ಗರಿಷ್ಠ ಮಟ್ಟದಷ್ಟೇ ಮುಖ್ಯವಾದದ್ದು ಬಿಸಿ ಏರುವ, ತಗ್ಗುವ, ಮತ್ತೆ ಏರುವ ಕ್ರಮ. ಗಗನಯಾನವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಗಳಲ್ಲಿ 'ಇಷ್ಟು ಸಾವಿರ ಡಿಗ್ರಿ ತಡೆಯುತ್ತದೆ' ಎಂಬ ಒಂದೇ ಸಂಖ್ಯೆಯನ್ನು ಹಿಡಿದು ಮಾತಾಡುವುದನ್ನು ಕೇಳಿದಾಗಲೆಲ್ಲ ನನಗೆ ಕಳವಳವಾಗುವುದು ಇದಕ್ಕೇ. ಅದು ತಪ್ಪು ಸಂಖ್ಯೆಯಲ್ಲ, ಅರ್ಧ ಉತ್ತರ.

ಮುಂದಿನ, ಮನುಷ್ಯರಿರುವ ಯಾನಕ್ಕೂ ಅದೇ ಕವಚವನ್ನು ಉಳಿಸಿಕೊಂಡು, ಇಳಿಯುವ ಪಥವನ್ನು ಬದಲಿಸಲು ನಾಸಾ ತೀರ್ಮಾನಿಸಿತು. ವಾಯುಮಂಡಲ ಹೊಕ್ಕಲ್ಲಿಂದ ನೀರಿಗೆ ಇಳಿಯುವವರೆಗಿನ ದಾರಿಯನ್ನು ಮೊಟಕುಗೊಳಿಸಿ, ಅನಿಲ ಕೂಡಿಕೊಳ್ಳುವ ಆ ಮಧ್ಯದ ಹೊತ್ತನ್ನು ಕಡಿಮೆ ಮಾಡುವುದು ಅದರ ಲೆಕ್ಕ. ಕವಚವನ್ನೇ ಬದಲಿಸಬೇಕಿತ್ತು ಎಂದು ವಾದಿಸಿದ ಅನುಭವಿಗಳೂ ಇದ್ದರು. ಕಾರಣ ತಿಳಿದ ಮೇಲೆ ಪಥವನ್ನು ಬದಲಿಸುವುದು ವಿಜ್ಞಾನದ ದೃಷ್ಟಿಯಿಂದ ಒಪ್ಪತಕ್ಕ ಹಾದಿ, ಆದರೆ ದೋಷ ವಸ್ತುವಿನಲ್ಲಿ ಇರುವಾಗ ಪರಿಹಾರವನ್ನು ಪಥದಲ್ಲಿ ಹುಡುಕಿದರೆ ಪಥ ತಪ್ಪಿದಾಗಿನ ರಕ್ಷಣೆ ತೆಳ್ಳಗಾಗುತ್ತದೆ ಎಂಬ ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಕೋಶಗಳು ಲೆಕ್ಕ ಹಾಕಿದ ಪಥದಲ್ಲೇ ಯಾವಾಗಲೂ ಬರುತ್ತವೆ ಎನ್ನುವಂತಿಲ್ಲ. 1969ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಸೋಯುಜ್-5 ನೌಕೆಯ ಹಿಂಭಾಗ ಕಳಚಿಕೊಳ್ಳದೆ, ಬೋರಿಸ್ ವೊಲಿನೊವ್ ಇದ್ದ ಕೋಶ ಕವಚವಿಲ್ಲದ ಮೂತಿಯನ್ನು ಮುಂದೆ ಮಾಡಿಕೊಂಡು ವಾಯುಮಂಡಲ ಹೊಕ್ಕಿತ್ತು; ಬೆಂಕಿಯೇ ಸಿಲುಕಿದ ಭಾಗವನ್ನು ಬಿಡಿಸಿ ಕೋಶವನ್ನು ತಿರುಗಿಸಿದ್ದರಿಂದ ಅವರು ಬದುಕಿದರು. 2008ರ ಏಪ್ರಿಲ್‌ನಲ್ಲೂ ಒಂದು ಸೋಯುಜ್ ಯೋಜಿಸಿದ್ದಕ್ಕಿಂತ ಕಡಿದಾಗಿ ಇಳಿದು, ಒಳಗಿದ್ದವರು ತಮ್ಮ ತೂಕದ ಎಂಟು ಪಟ್ಟು ಒತ್ತಡವನ್ನು ತಾಳಬೇಕಾಯಿತು, ನೆಲ ಮುಟ್ಟಿದ್ದು ಗುರಿಯಿಂದ 400ಕ್ಕೂ ಹೆಚ್ಚು ಕಿಲೋಮೀಟರ್ ಈಚೆಗೆ.

ನಮ್ಮ ದೇಶದ ಅನುಭವ ಈ ಹಿನ್ನೆಲೆಯಲ್ಲಿ ಎಲ್ಲಿದೆ? ಇಸ್ರೊ 2007ರ ಜನವರಿ 10ರಂದು ಪಿಎಸ್‌ಎಲ್‌ವಿ ರಾಕೆಟ್ಟಿನ ಮೂಲಕ ಎಸ್‌ಆರ್‌ಇ-1 ಎಂಬ 550 ಕಿಲೋ ತೂಕದ ಪುಟ್ಟ ಕೋಶವನ್ನು ಕಕ್ಷೆಗೆ ಕಳಿಸಿ, ಹನ್ನೆರಡು ದಿನಗಳ ನಂತರ, ಜನವರಿ 22ರಂದು ಬಂಗಾಳ ಕೊಲ್ಲಿಯಿಂದ ಅದನ್ನು ಎತ್ತಿಕೊಂಡಿತು. ಮೂತಿಗೆ ಸವೆಯುವ ಕವಚ, ಮೈಗೆ ಸಿಲಿಕಾ ಬಿಲ್ಲೆಗಳು. ಮೇಲೆ ಹೇಳಿದ ಎರಡೂ ಬಗೆಗಳನ್ನು ಒಂದೇ ಕೋಶದಲ್ಲಿ ಕಕ್ಷೆಯ ಪೂರ್ಣ ವೇಗದಲ್ಲಿ ಪರೀಕ್ಷಿಸಿದ ಆ ಸಾಧನೆಯನ್ನು ನಾವು ಬೇಗ ಮರೆತುಬಿಟ್ಟೆವು. 2014ರ ಡಿಸೆಂಬರ್ 18ರಂದು ಎಲ್‌ವಿಎಂ-3 ರಾಕೆಟ್ಟಿನ ಮೊದಲ ಪ್ರಾಯೋಗಿಕ ಹಾರಾಟದಲ್ಲಿ ಹೋದ ಕೇರ್ ಕೋಶ ಗಗನಯಾನದ್ದನ್ನೇ ಹೋಲುವಷ್ಟು ದೊಡ್ಡದು, 3,775 ಕಿಲೋ. 126 ಕಿಲೋಮೀಟರ್ ಎತ್ತರದಿಂದ ಇಳಿದು ಅಂಡಮಾನ್ ಹತ್ತಿರದ ಸಮುದ್ರ ಸೇರಿತು. ಆದರೆ ಅದು ಕಕ್ಷೆಗೆ ಹೋಗಿರಲಿಲ್ಲ, ವೇಗ ಸೆಕೆಂಡಿಗೆ 5.3 ಕಿಲೋಮೀಟರಿನಷ್ಟಿತ್ತು. ಘನದ ಲೆಕ್ಕ ಹಿಡಿದರೆ ಕಕ್ಷೆಯಿಂದ ಮರಳುವಾಗಿನ ಶಾಖದರದ ಮೂರನೆಯ ಒಂದು ಪಾಲಿನ ಆಸುಪಾಸು. ಹೀಗೆ ಪೂರ್ಣ ವೇಗದಲ್ಲಿ ಬಂದದ್ದು ಪುಟ್ಟ ಕೋಶ, ದೊಡ್ಡ ಕೋಶ ಬಂದದ್ದು ಕಡಿಮೆ ವೇಗದಲ್ಲಿ. 2023ರ ಅಕ್ಟೋಬರ್ 21ರಂದು ನಡೆದ ಟಿವಿ-ಡಿ1 ಪರೀಕ್ಷೆಯ ಉದ್ದೇಶ ಏರುವಾಗ ಅಪಾಯ ಬಂದರೆ ಕೋಶವನ್ನು ರಾಕೆಟ್ಟಿನಿಂದ ಬೇರ್ಪಡಿಸುವುದು. 2025ರ ಆಗಸ್ಟ್ 24ರಂದು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟು ನೋಡಿದ್ದು ಪ್ಯಾರಾಶೂಟ್‌ಗಳನ್ನು. ಅವೆರಡೂ ಬೇಕಾದವೇ, ಆದರೆ ಬೆಂಕಿಯ ಪರೀಕ್ಷೆಗಳಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತ ಸುರಂಗಗಳಲ್ಲಿ ಅತಿವೇಗದ ಹರಿವನ್ನು ಹುಟ್ಟಿಸಿ ಅಳೆಯಬಹುದು, ಆದರೆ ಅದು ಬಾಳುವುದು ಮಿಲಿಸೆಕೆಂಡುಗಳಷ್ಟು ಹೊತ್ತು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದಲ್ಲಿರುವಂಥ ಪ್ಲಾಸ್ಮಾ ಸುರಂಗದಲ್ಲಿ ಕವಚದ ತುಂಡನ್ನು ಬಹಳ ಹೊತ್ತು ಕಾಯಿಸಬಹುದು, ಆದರೆ ಇಡೀ ಕೋಶದ ಸುತ್ತಲಿನ ಹರಿವು ಅಲ್ಲಿ ಸಿಗುವುದಿಲ್ಲ. ವೇಗ, ಒತ್ತಡ, ಗಾಳಿಯ ರಸಾಯನ, ಗಾತ್ರ, ಅವಧಿ ಈ ಐದನ್ನೂ ಒಟ್ಟಿಗೆ ಕೊಡುವ ಪ್ರಯೋಗಾಲಯ ಭೂಮಿಯ ಮೇಲೆ ಎಲ್ಲೂ ಇಲ್ಲ. ಬಿಡಿಬಿಡಿಯಾಗಿ ಅಳೆದದ್ದನ್ನು ಕಂಪ್ಯೂಟರ್ ಲೆಕ್ಕದಲ್ಲಿ ಹೊಲಿಯಬೇಕು, ಹೊಲಿಗೆ ಸರಿಯಾಗಿದೆಯೇ ಎಂದು ಹಾರಿಸಿಯೇ ನೋಡಬೇಕು. ಗಗನಯಾನಿಗಳು ಹತ್ತುವ ಮುನ್ನ ಮಾನವರಹಿತ ಕೋಶಗಳು ಕಕ್ಷೆಗೆ ಹೋಗಿ ಮರಳಬೇಕು ಎಂಬ ಯೋಜನೆಯ ಹಿಂದಿನ ಕಾರಣಗಳಲ್ಲಿ ಇದು ಮುಖ್ಯವಾದದ್ದು. ದಿನಾಂಕ ಮುಂದೆ ಹೋದಾಗಲೆಲ್ಲ ಕೇಳಿಬರುವ ಅಸಹನೆಯ ಮಾತುಗಳಿಗೆ ನಾನು ದನಿಗೂಡಿಸಲಾರದಿರುವುದೂ ಇದೇ ಕಾರಣಕ್ಕೆ. ಆರ್ಟೆಮಿಸ್-1ರಲ್ಲಿ ಮನುಷ್ಯರಿರಲಿಲ್ಲ ಎಂಬುದು ಆ ಯಾನದ ಕೊರತೆಯಾಗಿರಲಿಲ್ಲ, ಅದರ ಉದ್ದೇಶವೇ ಅದಾಗಿತ್ತು.

ಕಳೆದ ಚಳಿಗಾಲದಲ್ಲಿ ಕಾರವಾರದ ಟಾಗೋರ್ ಕಡಲತೀರದಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳೊಂದಿಗೆ ಈ ವಿಷಯ ಮಾತಾಡುತ್ತಾ ಕುಳಿತಿದ್ದೆ. ದಕ್ಷಿಣಕ್ಕೆ ಅರಗದ ಕಡೆ ಕದಂಬ ನೌಕಾನೆಲೆ ಇರುವುದರಿಂದ ಅಲ್ಲಿನ ಮಕ್ಕಳಿಗೆ ನೌಕಾಪಡೆಯ ಹಡಗುಗಳು ಹೊಸತಲ್ಲ. ಕೋಶವನ್ನು ಸಮುದ್ರದಿಂದ ಎತ್ತುವ ಹೊಣೆ ನೌಕಾಪಡೆಯದು ಎಂದಾಗ ಅವರ ಆಸಕ್ತಿ ಇಮ್ಮಡಿಯಾಯಿತು. 2024ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಬಳಿ, ಹಡಗಿನ ಹಿಂಬದಿಯ ತೊಟ್ಟಿಯಂಥ ಅಂಗಳಕ್ಕೆ ಸಮುದ್ರದ ನೀರು ತುಂಬಿಸಿ, ಗಗನಯಾನ ಕೋಶದಷ್ಟೇ ಗಾತ್ರದ ಅಣಕು ಕೋಶವನ್ನು ಒಳಗೆ ಎಳೆದುಕೊಳ್ಳುವ ಅಭ್ಯಾಸ ನಡೆದದ್ದನ್ನು ಹೇಳಿದೆ. "ಎತ್ತಿದ ಮೇಲೆ ಮೊದಲು ಏನು ನೋಡುತ್ತಾರೆ?" ಎಂದು ಒಬ್ಬ ಕೇಳಿದ. ಮನುಷ್ಯರಿದ್ದರೆ ಮನುಷ್ಯರನ್ನು. ಇಲ್ಲದಿದ್ದರೆ ಬುಡವನ್ನು: ಇದ್ದಿಲು ಎಷ್ಟು ಆಳಕ್ಕೆ ಇಳಿದಿದೆ, ಅದರ ಕೆಳಗಿನ ಕಂದು ಪಟ್ಟಿ ಎಷ್ಟು ದಪ್ಪ, ಹಸಿ ವಸ್ತು ಎಷ್ಟು ಉಳಿದಿದೆ, ಬಿಲ್ಲೆಗಳ ನಡುವಿನ ಸಂದಿಯಲ್ಲಿ ಬಿಸಿಗಾಳಿ ಒಳಹೊಕ್ಕ ಗುರುತಿದೆಯೇ, ಎಲ್ಲಿಯಾದರೂ ಒಂದು ಚೂರು ಸವೆಯುವ ಬದಲು ಎದ್ದುಹೋಗಿದೆಯೇ. ಕವಚದೊಳಗೆ ಬೇರೆ ಬೇರೆ ಆಳದಲ್ಲಿ ಹೂತಿಟ್ಟ ಉಷ್ಣಮಾಪಕಗಳು ಕ್ಷಣಕ್ಷಣಕ್ಕೂ ಬರೆದಿಟ್ಟ ಅಂಕಿಗಳನ್ನು, ನಂತರ ಗರಗಸದಲ್ಲಿ ಕೊಯ್ದು ತೆಗೆದ ತುಂಡುಗಳ ಪಕ್ಕದಲ್ಲಿ ಇಟ್ಟು, ತಿಂಗಳುಗಟ್ಟಲೆ ಓದುತ್ತಾರೆ.